ಕಿಡ್ನಿ ಮತ್ತು ಹೊಟ್ಟೆಯ ದೊಡ್ಡ ರಕ್ತನಾಳಗಳ ನಿಜಗಾತ್ರದ ಮಾಡೆಲ್: ಕೊಳ್ಳುವ ಮುಂಚೆ ಹಿಂದೆ ತಿರುಗಿಸಿ ನೋಡಿ

ಎರಡು ಕಿಡ್ನಿ, ಅವುಗಳ ನೆತ್ತಿಯ ಮೇಲೆ ಅಡ್ರಿನಲ್ ಗ್ರಂಥಿಗಳು, ನಡುವೆ ಅಯೋರ್ಟಾ (ಹೃದಯದಿಂದ ರಕ್ತ ತರುವ ಮಹಾನಾಳ) ಮತ್ತು ಇನ್ಫೀರಿಯರ್ ವೀನಾ ಕೇವಾ (ಐವಿಸಿ, ಹೃದಯಕ್ಕೆ ರಕ್ತ ಮರಳಿಸುವ ದೊಡ್ಡ ನಾಳ), ಕೆಳಗಿಳಿಯುವ ಎರಡು ಮೂತ್ರನಾಳ. ಇಷ್ಟನ್ನು ಒಂದು ಸ್ಟ್ಯಾಂಡಿನ ಮೇಲೆ ನಿಲ್ಲಿಸಿದ ಪಿವಿಸಿ ಮಾಡೆಲ್ ಬೇರೆ ಬೇರೆ ಹೆಸರಿನಲ್ಲಿ ಮಾರಾಟಕ್ಕಿದೆ. ಎತ್ತರ ಸುಮಾರು 28 ಸೆಂ.ಮೀ. ಬಲಗಿಡ್ನಿಯ ಮುಂಭಾಗದ ಅರ್ಧ ಕಳಚಿ ಬರುತ್ತದೆ, ಆಯಸ್ಕಾಂತ ಅದನ್ನು ಹಿಡಿದಿಟ್ಟಿರುತ್ತದೆ. ಭಾಗಗಳ ಮೇಲೆ ಸಂಖ್ಯೆಗಳಿವೆ, ಜೊತೆಗೆ ಹೆಸರುಗಳ ಒಂದು ಕಾರ್ಡು. ಮೊದಲ ವರ್ಷದ ವೈದ್ಯಕೀಯ ವಿದ್ಯಾರ್ಥಿಗಳಿಗೆ, ನರ್ಸಿಂಗ್ ಮತ್ತು ರೇಡಿಯಾಲಜಿ ಕಲಿಯುವವರಿಗೆ ಪಾಠ ಹೇಳಲು ಇದು ಒಳ್ಳೆಯ ಸಾಧನ. ಐದಕ್ಕೆ ಮೂರೂವರೆ ಅಂಕ ಕೊಡಬಹುದು. ಉಳಿದ ಒಂದೂವರೆ ಎಲ್ಲಿ ಹೋಯಿತು, ಅದರಲ್ಲಿ ಎಷ್ಟನ್ನು ನಾವೇ ಸರಿಪಡಿಸಿಕೊಳ್ಳಬಹುದು ಎಂಬುದನ್ನು ವಿವರವಾಗಿ ಬರೆಯುತ್ತೇವೆ.

ಈ ಭಾಗದ ಅನಾಟಮಿಯಲ್ಲಿ ಹೆಸರು ಕಲಿಯುವುದು ಕಷ್ಟವಲ್ಲ. ಯಾವುದು ಯಾವುದರ ಮುಂದೆ ಹಾದುಹೋಗುತ್ತದೆ, ಯಾವುದು ಹಿಂದೆ ನುಸುಳುತ್ತದೆ ಎಂಬುದೇ ಕಷ್ಟ. ಪುಸ್ತಕದ ಚಿತ್ರದಲ್ಲಿ ಎಲ್ಲವೂ ಒಂದೇ ಹಾಳೆಯ ಮೇಲೆ ಮಲಗಿರುತ್ತದೆ. ಆಪರೇಷನ್ ಮಾಡುವವರಿಗೂ ಸಿಟಿ ಸ್ಕ್ಯಾನ್ ಓದುವವರಿಗೂ ಬೇಕಾಗುವುದು ಆಳದ ಲೆಕ್ಕ. ಆದ್ದರಿಂದ ಇಂಥ ಮಾಡೆಲನ್ನು ಅಳೆಯಬೇಕಾದದ್ದು ಬಣ್ಣದ ಹೊಳಪಿನಿಂದಲ್ಲ, ಅಡ್ಡಹಾಯುವ ಜಾಗಗಳಿಂದ. ಅಂಥ ಜಾಗಗಳನ್ನು ಸರಿಯಾಗಿ ತೋರಿಸಿದರೆ ಮಿಕ್ಕ ಕೊರತೆಗಳನ್ನು ಕ್ಷಮಿಸಬಹುದು. ಅವೇ ತಪ್ಪಾಗಿದ್ದರೆ ಮಾಡೆಲ್ ಎಷ್ಟು ಚೆಂದವಿದ್ದರೂ ಪಾಠಕ್ಕೆ ಹಾನಿ.

ಮೊದಲು ನೋಡಬೇಕಾದದ್ದು ಎಡ ರೀನಲ್ ವೇನ್, ಅಂದರೆ ಎಡಗಿಡ್ನಿಯಿಂದ ರಕ್ತವನ್ನು ಹೊರತರುವ ನಾಳ. ಈ ಮಾಡೆಲಿನ ಅತ್ಯುತ್ತಮ ಭಾಗವೂ ಅದೇ. ಐವಿಸಿ ದೇಹದ ನಡುಗೆರೆಯಿಂದ ಬಲಕ್ಕೆ ಇರುವುದರಿಂದ ಎಡಗಿಡ್ನಿಯ ರಕ್ತ ಅದನ್ನು ಸೇರಬೇಕಾದರೆ ಅಯೋರ್ಟಾವನ್ನು ದಾಟಲೇಬೇಕು. ದಾಟುವುದು ಅಯೋರ್ಟಾದ ಮುಂದಿನಿಂದ, ಕರುಳಿಗೆ ರಕ್ತ ಒಯ್ಯುವ ಸುಪೀರಿಯರ್ ಮೆಸೆಂಟರಿಕ್ ಆರ್ಟರಿ (ಎಸ್‌ಎಂಎ) ಹುಟ್ಟುವ ಜಾಗದ ಸ್ವಲ್ಪ ಕೆಳಗೆ. ಹಾಗಾಗಿ ಎಡದ ವೇನ್ ಉದ್ದ, 6ರಿಂದ 10 ಸೆಂ.ಮೀ.; ಬಲದ್ದು ಬರೀ 2ರಿಂದ 4 ಸೆಂ.ಮೀ. ಕಿಡ್ನಿ ದಾನದಲ್ಲಿ ಸಾಮಾನ್ಯವಾಗಿ ಎಡಗಿಡ್ನಿಯನ್ನೇ ತೆಗೆಯಲು ಬಯಸುವುದು ಈ ಉದ್ದಕ್ಕಾಗಿ, ಹೊಲಿಗೆ ಹಾಕಲು ಅಷ್ಟು ಹೆಚ್ಚು ನಾಳ ಸಿಗುತ್ತದೆ ಎಂದು. ಮಾಡೆಲಿನಲ್ಲಿ ಈ ವ್ಯತ್ಯಾಸ ಒಂದೇ ನೋಟಕ್ಕೆ ಕಾಣುತ್ತದೆ. ಎಸ್‌ಎಂಎ ಅಯೋರ್ಟಾದಿಂದ ಹೊರಟು ಮುಂದಕ್ಕೆ ಬಾಗಿ ಇಳಿಯುವಾಗ ಎರಡರ ನಡುವೆ ಒಂದು ಕವಲು ಉಂಟಾಗುತ್ತದಲ್ಲ, ಆ ಸಂದಿಯನ್ನು ನಿಜವಾಗಿಯೂ ಟೊಳ್ಳಾಗಿ ಬಿಟ್ಟಿದ್ದಾರೆ. ಅಂಟು ತುಂಬಿ ಮುಚ್ಚಿಲ್ಲ. ವೇನ್ ಆ ಸಂದಿಯ ಮೇಲ್ತುದಿಯಲ್ಲಿ ನುಸುಳುವುದನ್ನು ಬೆರಳಿಟ್ಟು ತೋರಿಸಬಹುದು. ಕೆಲವರಲ್ಲಿ ಈ ಕವಲಿನ ಕೋನ ಕಿರಿದಾಗಿ ವೇನ್ ಅದುಮಿಹೋಗುತ್ತದೆ, ಮೂತ್ರದಲ್ಲಿ ರಕ್ತ ಕಾಣಿಸಿಕೊಳ್ಳುತ್ತದೆ, ಎಡ ಪಕ್ಕೆ ನೋಯುತ್ತದೆ. ನಟ್‌ಕ್ರ್ಯಾಕರ್ ಸಿಂಡ್ರೋಮ್ ಎನ್ನುವ ಈ ತೊಂದರೆಯನ್ನು ವಿವರಿಸಲು ಇದಕ್ಕಿಂತ ಸಲೀಸಾದ ಸಾಧನ ಸಿಗುವುದಿಲ್ಲ.

ಅದೇ ಸಂದಿಯಲ್ಲಿ, ವೇನ್‌ನ ಕೆಳಗೆ, ಡುಯೋಡಿನಮ್‌ನ (ಸಣ್ಣ ಕರುಳಿನ ಮೊದಲ ತುಂಡು) ಮೂರನೆಯ ಭಾಗವೂ ಹಾದುಹೋಗಬೇಕು. ಮಾಡೆಲಿನಲ್ಲಿ ಅದು ಇಲ್ಲ. ಎಸ್‌ಎಂಎಯನ್ನು 3 ಸೆಂ.ಮೀ. ಉದ್ದಕ್ಕೆ ಕತ್ತರಿಸಿ ಬಿಟ್ಟಿದ್ದಾರೆ. ಈ ಕೊರತೆಯನ್ನು ನೀಗಿಸುವುದು ಸುಲಭ. ಸುಮಾರು 2 ಸೆಂ.ಮೀ. ದಪ್ಪದ ಮೆತ್ತಗಿನ ರಬ್ಬರ್ ಕೊಳವೆಯೊಂದನ್ನು ಬಲದಿಂದ ಎಡಕ್ಕೆ, ಐವಿಸಿ ಮತ್ತು ಅಯೋರ್ಟಾ ಎರಡರ ಮುಂದೆ, ಎಸ್‌ಎಂಎಯ ಹಿಂದೆ ತೂರಿಸಿ. ಜಾಗ ಬಿಗಿಯಾಗುತ್ತದೆ, ಕೊಳವೆ ಸ್ವಲ್ಪ ಚಪ್ಪಟೆಯಾಗುತ್ತದೆ. ಹಾಗೆ ಆಗಲೆಂದೇ ತೂರಿಸುವುದು. ತೀರಾ ಸೊರಗಿದ ರೋಗಿಗಳಲ್ಲಿ ಆ ಸಂದಿಯ ಕೊಬ್ಬು ಕರಗಿ ಎಸ್‌ಎಂಎ ಹಿಂದಕ್ಕೆ ಒರಗಿದಾಗ ಡುಯೋಡಿನಮ್ ಅದುಮಿ, ಉಂಡದ್ದೆಲ್ಲ ವಾಂತಿಯಾಗುವುದು ಏಕೆ ಎಂದು ಕೇಳುವ ವಿದ್ಯಾರ್ಥಿಗೆ ಆ ಚಪ್ಪಟೆಯಾದ ಕೊಳವೆಯೇ ಉತ್ತರ.

ಎರಡನೆಯ ಪರೀಕ್ಷೆ ಬಲ ರೀನಲ್ ಆರ್ಟರಿಯದು, ಅಂದರೆ ಬಲಗಿಡ್ನಿಗೆ ರಕ್ತ ಒಯ್ಯುವ ನಾಳದ್ದು. ಅಯೋರ್ಟಾ ಎಡಕ್ಕಿರುವುದರಿಂದ ಬಲದ ಆರ್ಟರಿ ಉದ್ದವಾಗಿದ್ದು ಐವಿಸಿಯ ಹಿಂದಿನಿಂದ ಹಾದು ಕಿಡ್ನಿ ಸೇರುತ್ತದೆ. ವೇನ್‌ಗಳಲ್ಲಿ ಎಡದ್ದು ಉದ್ದ, ಆರ್ಟರಿಗಳಲ್ಲಿ ಬಲದ್ದು ಉದ್ದ. ಪರೀಕ್ಷೆಯಲ್ಲಿ ಅತಿ ಹೆಚ್ಚು ಜನ ಅದಲುಬದಲು ಮಾಡುವ ವಿಷಯ ಇದು. ಮಾಡೆಲಿನಲ್ಲಿ ಇದನ್ನು ಸರಿಯಾಗಿಯೇ ಮಾಡಿದ್ದಾರೆ, ಆದರೆ ಮುಂದಿನಿಂದ ಕಾಣುವುದಿಲ್ಲ. ಹಿಂದಿನಿಂದ ನೋಡಬೇಕು. ಇಲ್ಲಿಯೇ ಕೊಳ್ಳುವವರು ಎಚ್ಚರ ವಹಿಸಬೇಕಾದದ್ದು: ಇದೇ ಮಾಡೆಲ್ ಎರಡು ಬಗೆಯಲ್ಲಿ ಸಿಗುತ್ತದೆ. ಒಂದು ಲೋಹದ ಕಂಬಿಯ ಸ್ಟ್ಯಾಂಡಿನ ಮೇಲೆ ನಿಲ್ಲುವಂಥದ್ದು, ಇನ್ನೊಂದು ಹಲಗೆಗೆ ಸ್ಕ್ರೂ ಹಾಕಿ ಬಿಗಿದದ್ದು. ಹಲಗೆಯದು ನೋಡಲು ಗಟ್ಟಿಮುಟ್ಟು, ಗೋಡೆಗೆ ನೇತುಹಾಕಬಹುದು. ಆದರೆ ಹಿಂಭಾಗ ಸಂಪೂರ್ಣ ಮುಚ್ಚಿಹೋಗುತ್ತದೆ. ಬಲ ರೀನಲ್ ಆರ್ಟರಿ, ಸೊಂಟದ ಹಿಂಭಾಗಕ್ಕೆ ಹೋಗುವ ಲಂಬರ್ ಆರ್ಟರಿಗಳು, ಹೈಲಮ್‌ನಲ್ಲಿ (ನಾಳಗಳು ಕಿಡ್ನಿಯನ್ನು ಸೇರುವ ಕುಳಿ) ಹಿಂದಕ್ಕೆ ಬರುವ ಪೆಲ್ವಿಸ್ (ಮೂತ್ರ ಕೂಡುವ ಆಲಿಕೆ) ಯಾವುದೂ ಕಣ್ಣಿಗೆ ಬೀಳುವುದಿಲ್ಲ. ಸ್ಟ್ಯಾಂಡಿನದನ್ನೇ ತೆಗೆದುಕೊಳ್ಳಿ. ಹಲಗೆಯದು ಈಗಾಗಲೇ ಇದ್ದರೆ ಸ್ಕ್ರೂಗಳನ್ನು ಬಿಚ್ಚಿ ಕೈಯಲ್ಲಿ ಹಿಡಿದು ಪಾಠ ಮಾಡಿ.

ಹೈಲಮ್‌ನಲ್ಲಿ ಮುಂದಿನಿಂದ ಹಿಂದಕ್ಕೆ ಕ್ರಮ ವೇನ್, ಆರ್ಟರಿ, ಪೆಲ್ವಿಸ್. ಎಡಗಿಡ್ನಿಯಲ್ಲಿ ಈ ಕ್ರಮ ಸ್ಪಷ್ಟವಾಗಿದೆ. ಆದರೆ ರೀನಲ್ ಆರ್ಟರಿಯ ಹಿಂಭಾಗದ ಕವಲನ್ನು ಕೈಬಿಟ್ಟಿದ್ದಾರೆ. ನಿಜದಲ್ಲಿ ಆರ್ಟರಿ ಹೈಲಮ್ ಬಳಿ ಮುಂದಿನ ಮತ್ತು ಹಿಂದಿನ ಎರಡು ಕವಲಾಗಿ, ಹಿಂದಿನದು ಪೆಲ್ವಿಸ್‌ನ ಹಿಂದಿನಿಂದ ಸುತ್ತಿ ಹೋಗುತ್ತದೆ. ಪೆಲ್ವಿಸ್ ಅನ್ನು ಹಿಂದಿನಿಂದ ಸೀಳಿ ಕಲ್ಲು ತೆಗೆಯುವಾಗ ಅಪಾಯಕ್ಕೆ ಸಿಗುವುದು ಈ ಕವಲೇ. ಮಾಡೆಲನ್ನು ಹಾಗೆಯೇ ನಂಬಿದ ವಿದ್ಯಾರ್ಥಿ ಪೆಲ್ವಿಸ್‌ನ ಹಿಂದೆ ರಕ್ತನಾಳವೇ ಇಲ್ಲ ಎಂದು ತಿಳಿದುಬಿಡುತ್ತಾನೆ. ಕೆಂಪು ಪ್ಲಾಸ್ಟಿಕ್ ಹೊದಿಕೆಯ 2 ಮಿ.ಮೀ. ವಿದ್ಯುತ್ ತಂತಿಯ 5 ಸೆಂ.ಮೀ. ತುಂಡನ್ನು ಆರ್ಟರಿಯ ತುದಿಯಿಂದ ಪೆಲ್ವಿಸ್‌ನ ಹಿಂದಕ್ಕೆ ಬಾಗಿಸಿ ಅಂಟಿಸಿದರೆ ಸಾಕು.

ತಂತಿ ಕೈಯಲ್ಲಿರುವಾಗಲೇ ಇನ್ನೊಂದು ತುಂಡು ಸೇರಿಸಿಬಿಡಿ. ಕಾಲುಭಾಗಕ್ಕಿಂತ ಕಡಿಮೆಯಿಲ್ಲದಷ್ಟು ಜನರಲ್ಲಿ ಒಂದು ಕಿಡ್ನಿಗಾದರೂ ಒಂದಕ್ಕಿಂತ ಹೆಚ್ಚು ಆರ್ಟರಿ ಇರುತ್ತದೆ. ಈ ಹೆಚ್ಚುವರಿ ಆರ್ಟರಿ ಎಷ್ಟೋ ಸಲ ಅಯೋರ್ಟಾದಿಂದ ನೇರ ಹೊರಟು ಕಿಡ್ನಿಯ ಕೆಳತುದಿಗೆ ಹೋಗುತ್ತದೆ. ಹೋಗುವ ದಾರಿಯಲ್ಲಿ ಪೆಲ್ವಿಸ್ ಮತ್ತು ಮೂತ್ರನಾಳ ಸೇರುವ ಜಾಗವನ್ನು ಮುಂದಿನಿಂದ ಅಡ್ಡಹಾದರೆ ಅಲ್ಲಿ ಮೂತ್ರ ತಡೆದು ಕಿಡ್ನಿ ಊದಿಕೊಳ್ಳಬಹುದು. ಮಾಡೆಲಿನಲ್ಲಿ ಎರಡೂ ಕಡೆ ಒಂದೊಂದೇ ಆರ್ಟರಿ. ತಯಾರಕರ ತಪ್ಪಲ್ಲ, ಸಾಮಾನ್ಯ ರೂಪವನ್ನು ತೋರಿಸಲು ಮಾಡಿದ್ದು. ಆದರೂ ಬೇಕಾದಾಗ ಹಾಕಿ ತೆಗೆಯಬಹುದಾದ ಒಂದು ತಂತಿ ಜೊತೆಯಲ್ಲಿದ್ದರೆ ಒಳ್ಳೆಯದು. ಕಿಡ್ನಿಯ ಒಳಗಿನ ಆರ್ಟರಿಗಳು ಒಂದಕ್ಕೊಂದು ಕೂಡಿಕೊಳ್ಳುವುದಿಲ್ಲ. ಹೀಗಾಗಿ ಆ ಸಣ್ಣ ಆರ್ಟರಿಯನ್ನು ಕಟ್ಟಿಹಾಕಿದರೆ ಅದು ಪೋಷಿಸುತ್ತಿದ್ದ ತುಂಡು ಸಾಯುತ್ತದೆ; ಪಕ್ಕದ ಆರ್ಟರಿ ನೆರವಿಗೆ ಬರುವುದಿಲ್ಲ.

ಗೊನಾಡಲ್ ವೇನ್‌ಗಳನ್ನು, ಅಂದರೆ ವೃಷಣ ಅಥವಾ ಅಂಡಾಶಯದಿಂದ ಮೇಲೆ ಬರುವ ವೇನ್‌ಗಳನ್ನು, ಸರಿಯಾಗಿ ಜೋಡಿಸಿದ್ದಾರೆ. ಬಲದ್ದು ಐವಿಸಿಯನ್ನು ಓರೆಯಾಗಿ ಸೇರುತ್ತದೆ, ಎಡದ್ದು ಎಡ ರೀನಲ್ ವೇನ್ ಅನ್ನು ಹೆಚ್ಚುಕಡಿಮೆ ಲಂಬಕೋನದಲ್ಲಿ ಸೇರುತ್ತದೆ. ಅಡ್ರಿನಲ್ ವೇನ್‌ಗಳದ್ದೂ ಇದೇ ರೀತಿ: ಬಲದ್ದು ಗಿಡ್ಡ, ನೇರ ಐವಿಸಿಗೆ, ಎಡದ್ದು ಇಳಿದು ಎಡ ರೀನಲ್ ವೇನ್‌ಗೆ. ವೆರಿಕೋಸೀಲ್ (ವೃಷಣದ ವೇನ್‌ಗಳು ಊದಿಕೊಳ್ಳುವುದು) ಬಹುತೇಕ ಎಡಗಡೆಯೇ ಆಗುವುದನ್ನು ಈ ಜೋಡಣೆಯೊಂದಿಗೆ ಹೊಂದಿಸಿ ಹೇಳಬಹುದು. ಅಗ್ಗದ ನಕಲುಗಳಲ್ಲಿ ಎರಡೂ ಗೊನಾಡಲ್ ವೇನ್ ಐವಿಸಿಗೇ ಸೇರಿರುತ್ತವೆ, ಎಡ ಮತ್ತು ಬಲ ಕನ್ನಡಿಯಲ್ಲಿ ಕಂಡಂತೆ ಒಂದೇ. ಹಾಗಿದ್ದರೆ ಬೇಡ ಎಂದುಬಿಡಿ. ಹೊಟ್ಟೆಯ ಹಿಂಭಾಗದಲ್ಲಿ ಎಡಬಲಗಳು ಸಮವಾಗಿಲ್ಲ ಎಂಬುದೇ ಮುಖ್ಯ ಪಾಠ. ಅದನ್ನೇ ಕಳೆದ ಮಾಡೆಲ್ ಯಾವ ಬೆಲೆಗೂ ದುಬಾರಿ.

ಈಗ ದೊಡ್ಡ ತಪ್ಪು. ಎಡಗಡೆ ಮೂತ್ರನಾಳವನ್ನು ಗೊನಾಡಲ್ ನಾಳಗಳ ಮೇಲೆ, ಅಂದರೆ ಅವುಗಳ ಮುಂದೆ, ಹಾಯಿಸಿದ್ದಾರೆ. ಇದು ತಿರುವುಮುರುವು. ಮೂತ್ರನಾಳ ಬೆನ್ನುಮೂಳೆಯ ಪಕ್ಕದ ಸೋಯಸ್ ಸ್ನಾಯುವಿನ ಮೇಲೆ ಇಳಿಯುತ್ತದೆ, ಗೊನಾಡಲ್ ಆರ್ಟರಿ ಮತ್ತು ವೇನ್ ಅದರ ಮುಂದೆ ಓರೆಯಾಗಿ ದಾಟುತ್ತವೆ. ಮತ್ತಷ್ಟು ಕೆಳಗೆ, ಕಾಮನ್ ಇಲಿಯಾಕ್ ಆರ್ಟರಿ (ಅಯೋರ್ಟಾ ತಳದಲ್ಲಿ ಒಡೆದು ಆಗುವ ಎರಡು ಕವಲುಗಳಲ್ಲಿ ಒಂದು) ಎರಡಾಗುವ ಜಾಗದಲ್ಲಿ, ಮೂತ್ರನಾಳ ಆ ಆರ್ಟರಿಯ ಮುಂದೆ ಬರುತ್ತದೆ. ಮೇಲೆ ಹಿಂದೆ, ಕೆಳಗೆ ಮುಂದೆ. ಸೊಂಟದ ಗೂಡಿನಲ್ಲಿ ಆಪರೇಷನ್ ಮಾಡುವವರು ಮೂತ್ರನಾಳವನ್ನು ಹುಡುಕಲು ಈ ಎರಡನೆಯ ದಾಟುವಿಕೆಯನ್ನೇ ನೆಚ್ಚುತ್ತಾರೆ. ಮೊದಲನೆಯದರಲ್ಲಿ ಗುರುತು ತಪ್ಪಿದರೆ ಗೊನಾಡಲ್ ವೇನ್ ಎಂದುಕೊಂಡು ಮೂತ್ರನಾಳಕ್ಕೆ ಕತ್ತರಿ ಬೀಳುವ ಸಾಧ್ಯತೆ ಇದೆ. ಮಾಡೆಲಿನಲ್ಲಿ ಎರಡನೆಯ ದಾಟುವಿಕೆ ಎರಡೂ ಕಡೆ ಸರಿಯಿದೆ, ಮೊದಲನೆಯದು ಬಲಗಡೆ ಮಾತ್ರ ಸರಿ. ಎಡಗಡೆಯದನ್ನು ಸರಿಮಾಡಲು ಗೊನಾಡಲ್ ನಾಳಗಳನ್ನು ಮೂತ್ರನಾಳದ ಎರಡೂ ಬದಿ 1 ಸೆಂ.ಮೀ. ದೂರದಲ್ಲಿ ಚೂಪಾದ ಬ್ಲೇಡಿನಿಂದ ಕತ್ತರಿಸಿ, ನಡುವಿನ ತುಂಡನ್ನು ತೆಗೆದು, ಕೆಂಪು ಮತ್ತು ನೀಲಿ ತಂತಿಯನ್ನು ಮೂತ್ರನಾಳದ ಮುಂದಿನಿಂದ ಕಮಾನಿನಂತೆ ಸೇರಿಸಬೇಕು. ಅಂಟಿಸುವ ಮುನ್ನ ಕತ್ತರಿಸಿದ ತುದಿಗೆ ಸಣ್ಣ ಸೂಜಿಯಿಂದ ರಂಧ್ರ ಮಾಡಿ ತಂತಿಯ ತಾಮ್ರವನ್ನು ಅರ್ಧ ಸೆಂ.ಮೀ. ಒಳಗೆ ತೂರಿಸಿ, ಬರೀ ಅಂಟಿನ ಮೇಲೆ ನಿಲ್ಲುವುದಿಲ್ಲ, ಮೆತ್ತನೆಯ ಪಿವಿಸಿ ಬಾಗಿದ ಕೂಡಲೇ ಬಿಟ್ಟುಕೊಳ್ಳುತ್ತದೆ.

ಕಿಡ್ನಿಗಳ ಗಾತ್ರ ಮತ್ತು ನಿಲುವಿನ ಬಗ್ಗೆ. ದೊಡ್ಡವರ ಕಿಡ್ನಿ ಸುಮಾರು 11 ಸೆಂ.ಮೀ. ಉದ್ದ, 5ರಿಂದ 6 ಸೆಂ.ಮೀ. ಅಗಲ, 3 ಸೆಂ.ಮೀ. ದಪ್ಪ. ಮಾಡೆಲ್ ಈ ಅಳತೆಗೆ ಹತ್ತಿರವಿದೆ. ಲಿವರ್ ಇರುವ ಕಾರಣಕ್ಕೆ ಬಲಗಿಡ್ನಿ ಎಡದ್ದಕ್ಕಿಂತ 1ರಿಂದ 2 ಸೆಂ.ಮೀ. ಕೆಳಗಿರಬೇಕು, ಅದೂ ಇದೆ. ಮೇಲ್ತುದಿಗಳು ಒಂದಕ್ಕೊಂದು ಹತ್ತಿರ, ಕೆಳತುದಿಗಳು ದೂರ. ಸೋಯಸ್ ಸ್ನಾಯುವಿನ ಅಂಚಿಗೆ ಒರಗಿದ್ದರಿಂದ ಬಂದ ಈ ಓರೆಯನ್ನೂ ಗಮನಿಸಿ ಮಾಡಿದ್ದಾರೆ. ಬಿಟ್ಟುಹೋದದ್ದು ತಿರುಗು. ನಿಜವಾದ ಕಿಡ್ನಿ ಬೆನ್ನುಮೂಳೆಯ ಬದಿಗೆ ಒರಗಿ ಸುಮಾರು 30 ಡಿಗ್ರಿ ತಿರುಗಿರುತ್ತದೆ, ಹಾಗಾಗಿ ಹೈಲಮ್ ಒಳಕ್ಕೂ ಮುಂದಕ್ಕೂ ಮುಖ ಮಾಡಿರುತ್ತದೆ. ಮಾಡೆಲಿನಲ್ಲಿ ಹೈಲಮ್‌ಗಳು ಎದುರುಬದುರಾಗಿ ಒಂದನ್ನೊಂದು ನೋಡುತ್ತಿವೆ. ಸಿಟಿಯ ಅಡ್ಡಕೊಯ್ತವನ್ನು ಮೊದಲ ಸಲ ನೋಡುವ ವಿದ್ಯಾರ್ಥಿಗೆ ಕಿಡ್ನಿ ತಿರುಗಿಕೊಂಡಿದೆಯಲ್ಲ ಎಂದು ಗೊಂದಲವಾಗುವುದು ಇಂಥ ಮಾಡೆಲುಗಳನ್ನು ನೋಡಿ ಬಂದದ್ದರಿಂದ. ಬೆನ್ನಿನಿಂದ ಸೂಜಿ ಹಾಕಿ ಕಲ್ಲು ತೆಗೆಯುವವರಿಗೆ ಈ ತಿರುಗು ಇನ್ನೂ ಮುಖ್ಯ. ಮುಂದಿನ ಮತ್ತು ಹಿಂದಿನ ಆರ್ಟರಿಗಳ ಹಂಚಿಕೆ ಸೇರುವ, ರಕ್ತನಾಳ ಕಡಿಮೆಯಿರುವ ಗೆರೆ ಕಿಡ್ನಿಯ ಹೊರ ಅಂಚಿನಿಂದ ತುಸು ಹಿಂದಕ್ಕಿದೆ. ಬೆನ್ನ ಕಡೆಯ ಕ್ಯಾಲಿಕ್ಸ್ ಅನ್ನು (ಪೆಲ್ವಿಸ್‌ಗೆ ಮೂತ್ರ ಒಯ್ಯುವ ಬಟ್ಟಲು) ಗುರಿಯಾಗಿಸಿ ಸೂಜಿ ಹಾಕುವಾಗ ಕಿಡ್ನಿಯ ಈ ತಿರುಗೇ ದಾರಿಯನ್ನು ಆ ಗೆರೆಯ ಕಡೆಗೆ ಹೊಂದಿಸಿಕೊಡುತ್ತದೆ. ಸ್ಟ್ಯಾಂಡಿನ ಮಾಡೆಲಿನಲ್ಲಿ ಕಿಡ್ನಿಗಳು ರೀನಲ್ ನಾಳಗಳ ಮೇಲೆ ತೂಗುತ್ತಿರುವುದರಿಂದ ಹೊರ ಅಂಚನ್ನು ಕೈಯಿಂದ ಹಿಂದಕ್ಕೆ ಒತ್ತಿ ಹಿಡಿದು ತೋರಿಸಬಹುದು. ಶಾಶ್ವತವಾಗಿ ತಿರುಗಿಸುವ ಆಸೆಗೆ ಬಿಸಿನೀರು ಹಾಕಿ ಬಗ್ಗಿಸಬೇಡಿ. ಆರ್ಟರಿಯ ಬುಡ ಸೀಳುತ್ತದೆ.

ಅಯೋರ್ಟಾವನ್ನು ವರ್ನಿಯರ್ ಕ್ಯಾಲಿಪರ್ ಇಟ್ಟು ಅಳೆಯಿರಿ. ಈ ಮಟ್ಟದಲ್ಲಿ ಆರೋಗ್ಯವಂತರ ಅಯೋರ್ಟಾ ಸುಮಾರು 2 ಸೆಂ.ಮೀ. ಅಗಲ, ಕೆಳಗೆ ಹೋದಂತೆ ಸ್ವಲ್ಪ ಸಣ್ಣಗಾಗುತ್ತದೆ. 3 ಸೆಂ.ಮೀ. ಮುಟ್ಟಿದರೆ ವೈದ್ಯರು ಅದನ್ನು ಅನ್ಯೂರಿಸಂ (ರಕ್ತನಾಳದ ಉಬ್ಬು) ಎನ್ನುತ್ತಾರೆ. ಈ ಮಾಡೆಲಿನದು 2.2 ಸೆಂ.ಮೀ., ಸರಿಯಾಗಿದೆ. ಕೆಲವು ಮಾಡೆಲುಗಳಲ್ಲಿ ಎದ್ದು ಕಾಣಲಿ ಎಂದು ಮೂರಕ್ಕೂ ಮೇಲೆ ದಪ್ಪ ಮಾಡಿರುತ್ತಾರೆ. ಅದನ್ನು ನೋಡಿ ಕಣ್ಣು ಪಳಗಿದವರಿಗೆ ಸ್ಕ್ಯಾನಿನಲ್ಲಿ ರೋಗವೇ ಸಹಜವಾಗಿ ಕಾಣುತ್ತದೆ. ಐವಿಸಿಯನ್ನು ಮಾತ್ರ ಇಲ್ಲಿ ಅಯೋರ್ಟಾದಷ್ಟೇ ಬಿಗಿಯಾದ ದುಂಡು ಪೈಪಿನಂತೆ ಮಾಡಿದ್ದಾರೆ. ಐವಿಸಿಯ ಗೋಡೆ ತೆಳು, ಅದು ಬಹುಪಾಲು ಮೊಟ್ಟೆಯಾಕಾರಕ್ಕೆ ಚಪ್ಪಟೆಯಾಗಿರುತ್ತದೆ, ಉಸಿರಿನ ಜೊತೆ ಅಗಲ ಬದಲಾಗುತ್ತದೆ. ದೇಹದಲ್ಲಿ ದ್ರವ ಎಷ್ಟಿದೆ ಎಂದು ಅಲ್ಟ್ರಾಸೌಂಡಿನಲ್ಲಿ ಅಂದಾಜಿಸಲು ಆ ಬದಲಾವಣೆಯನ್ನೇ ನೋಡುವುದು. ಪ್ಲಾಸ್ಟಿಕ್ಕಿನಲ್ಲಿ ಇದನ್ನು ತೋರಿಸಲಾಗದು, ಬಾಯಿಮಾತಿನಲ್ಲಿ ಹೇಳಬೇಕಷ್ಟೆ.

ಅಯೋರ್ಟಾದ ಮುಂಭಾಗದಿಂದ ಹೊರಡುವ ಮೂರು ಒಂಟಿ ಕವಲುಗಳ ಎತ್ತರ ಸರಿಯಿದೆ (ಟಿ ಎಂದರೆ ಎದೆಯ, ಎಲ್ ಎಂದರೆ ಸೊಂಟದ ಬೆನ್ನುಮೂಳೆಯ ಸಂಖ್ಯೆ): ಟಿ 12ರ ಮಟ್ಟದಲ್ಲಿ ಸೀಲಿಯಾಕ್ ಟ್ರಂಕ್, ಎಲ್ 1ರಲ್ಲಿ ಎಸ್‌ಎಂಎ, ಎಲ್ 3ರಲ್ಲಿ ಇನ್ಫೀರಿಯರ್ ಮೆಸೆಂಟರಿಕ್. ಕೊನೆಯದನ್ನು ಎಷ್ಟೋ ಮಾಡೆಲುಗಳು ಬಿಟ್ಟೇ ಬಿಡುತ್ತವೆ. ಇಲ್ಲಿ ತುಸು ಎಡಕ್ಕೆ ಸರಿದು ಹೊರಡುವುದನ್ನೂ ತೋರಿಸಿದ್ದಾರೆ. ಹುಟ್ಟಿನಿಂದಲೇ ಎರಡು ಕಿಡ್ನಿ ಕೆಳತುದಿಯಲ್ಲಿ ಅಂಟಿಕೊಂಡು ಬಂದವರಲ್ಲಿ, ಭ್ರೂಣದಲ್ಲಿ ಸೊಂಟದ ಗೂಡಿನಿಂದ ಮೇಲೇರುವ ಅವುಗಳ ದಾರಿಗೆ ಅಡ್ಡ ಬಂದು ತಡೆಯುವುದು ಈ ಆರ್ಟರಿಯೇ. ಸೀಲಿಯಾಕ್ ಟ್ರಂಕಿನ ಮೂರು ಕವಲುಗಳು ಬರೀ ಮೋಟು. ಕಿಡ್ನಿಯ ಪಾಠಕ್ಕೆ ಅಷ್ಟು ಸಾಕು. ರೀನಲ್ ಆರ್ಟರಿಗಳು ಎಸ್‌ಎಂಎಗೆ ಸ್ವಲ್ಪವೇ ಕೆಳಗೆ, ಎಲ್ 1 ಮತ್ತು ಎಲ್ 2ರ ನಡುವೆ ಅಕ್ಕಪಕ್ಕಕ್ಕೆ ಹೊರಡುತ್ತವೆ. ಹೊಟ್ಟೆಯ ಅನ್ಯೂರಿಸಂಗಳಲ್ಲಿ ಹೆಚ್ಚಿನವು ಇವುಗಳ ಕೆಳಗೆ ಆಗುತ್ತವೆ. ಸ್ಟೆಂಟ್ ಗ್ರಾಫ್ಟ್ (ಉಬ್ಬಿದ ನಾಳದ ಒಳಗೆ ಇಡುವ ಕೃತಕ ಕೊಳವೆ) ಕೂರಿಸಲು ರೀನಲ್ ಆರ್ಟರಿಗಳ ಕೆಳಗೆ ಎಷ್ಟು ಆರೋಗ್ಯವಂತ ಅಯೋರ್ಟಾ ಉಳಿದಿದೆ ಎಂದು ಲೆಕ್ಕ ಹಾಕುವುದು ಇದೇ ಕಾರಣಕ್ಕೆ. ನಾಲ್ಕು ಜೊತೆ ಲಂಬರ್ ಆರ್ಟರಿಗಳನ್ನು ಹಿಂಭಾಗದಲ್ಲಿ ಬರೀ ಕೆಂಪು ಚುಕ್ಕೆಗಳಾಗಿ ಗುರುತಿಸಿದ್ದಾರೆ, ಲಂಬರ್ ವೇನ್‌ಗಳು ಇಲ್ಲವೇ ಇಲ್ಲ. ಎಡ ರೀನಲ್ ವೇನ್‌ಗೆ ಹಿಂದಿನಿಂದ ಬಂದು ಸೇರುವ ಲಂಬರ್ ವೇನ್ ಕಿಡ್ನಿ ತೆಗೆಯುವ ಸರ್ಜನ್‌ಗೆ ಕಣ್ಣಿಗೆ ಕಾಣದ ರಕ್ತಸ್ರಾವದ ಮೂಲ. ಅದನ್ನು ಸೇರಿಸಬೇಕಿತ್ತು.

ತಳದಲ್ಲಿ ಇನ್ನೊಂದು ಅಸಡ್ಡೆ. ಅಯೋರ್ಟಾ ಎಲ್ 4ರಲ್ಲಿ ಎರಡಾಗುತ್ತದೆ. ಇಲಿಯಾಕ್ ವೇನ್‌ಗಳು ಕೂಡಿ ಐವಿಸಿ ಆಗುವುದು ಅದಕ್ಕಿಂತ ಕೆಳಗೆ, ಎಲ್ 5ರಲ್ಲಿ, ಬಲ ಕಾಮನ್ ಇಲಿಯಾಕ್ ಆರ್ಟರಿಯ ಹಿಂದೆ. ಮಾಡೆಲಿನಲ್ಲಿ ಎರಡೂ ಒಂದೇ ಮಟ್ಟದಲ್ಲಿವೆ. ಆದರೂ ಎಡ ಕಾಮನ್ ಇಲಿಯಾಕ್ ವೇನ್ ಬಲ ಇಲಿಯಾಕ್ ಆರ್ಟರಿಯ ಅಡಿಯಲ್ಲಿ ನುಸುಳುವುದನ್ನು ಉಳಿಸಿಕೊಂಡಿದ್ದಾರೆ. ಎಡಗಾಲಿನ ಆಳದ ವೇನ್‌ಗಳಲ್ಲಿ ರಕ್ತ ಹೆಪ್ಪುಗಟ್ಟುವುದು ಬಲಕ್ಕಿಂತ ಹೆಚ್ಚು ಏಕೆ ಎಂದು ಹೇಳಲು ಅದು ಸಾಕು.

ಇನ್ನು ಕಿಡ್ನಿಯ ಒಳಗೆ. ಬಲಗಿಡ್ನಿಯ ಮುಂದಿನ ಅರ್ಧ ತೆಗೆದರೆ ಕಾರ್ಟೆಕ್ಸ್ (ಹೊರಪದರ), ಒಳಪದರವಾದ ಮೆಡುಲ್ಲಾದ ಪಿರಮಿಡ್‌ಗಳು, ಅವುಗಳ ನಡುವೆ ಒಳಕ್ಕೆ ಇಳಿಯುವ ಕಾರ್ಟೆಕ್ಸ್‌ನ ಕಂಬಗಳು, ಸಣ್ಣ ಮತ್ತು ದೊಡ್ಡ ಕ್ಯಾಲಿಕ್ಸ್‌ಗಳು, ಪೆಲ್ವಿಸ್ ಕಾಣುತ್ತವೆ. ಕಾರ್ಟೆಕ್ಸ್ ಸುಮಾರು 1 ಸೆಂ.ಮೀ. ದಪ್ಪ, ಇಲ್ಲಿಯೂ ಹಾಗೇ ಇದೆ. ಪಿರಮಿಡ್‌ನ ಚೂಪು ತುದಿ ಸಣ್ಣ ಕ್ಯಾಲಿಕ್ಸ್‌ನ ಬಟ್ಟಲೊಳಗೆ ತೂರಿರುವುದನ್ನು ಚೆನ್ನಾಗಿ ಕೆತ್ತಿದ್ದಾರೆ. ಮೂತ್ರ ತಡೆದು ಒತ್ತಡ ಏರಿದಾಗ ಆ ಬಟ್ಟಲು ಮೊದಲು ಮೊಂಡಾಗಿ, ಆಮೇಲೆ ಹೊರಕ್ಕೆ ಉಬ್ಬುವುದನ್ನು ಇಲ್ಲಿ ಬೆರಳಿಟ್ಟು ಹೇಳಬಹುದು. ಸೈನಸ್‌ನ (ಹೈಲಮ್‌ನ ಒಳಗಿನ ಪೊಳ್ಳು ಜಾಗ) ಕೊಬ್ಬಿಗೆ ತಿಳಿಹಳದಿ ಬಣ್ಣ ಕೊಟ್ಟದ್ದು ಮೆಚ್ಚಬೇಕಾದ ಕೆಲಸ, ಹೆಚ್ಚಿನವರು ಅದನ್ನು ಖಾಲಿ ಬಿಡುತ್ತಾರೆ.

ರಕ್ತನಾಳದ ಬಣ್ಣಗಾರಿಕೆಯಲ್ಲಿ ಒಂದು ಗಂಭೀರ ತಪ್ಪಿದೆ. ಕಾರ್ಟೆಕ್ಸ್ ಮತ್ತು ಮೆಡುಲ್ಲಾ ಸೇರುವ ಗಡಿಯಲ್ಲಿ ಆರ್ಕುವೇಟ್ ಆರ್ಟರಿಗಳನ್ನು ಪಿರಮಿಡ್‌ನ ತಳದ ಮೇಲೆ ಒಂದು ತುದಿಯಿಂದ ಇನ್ನೊಂದಕ್ಕೆ ಮುಗಿಯುವ ಪೂರ್ತಿ ಕಮಾನಾಗಿ ಬರೆದಿದ್ದಾರೆ. ಆರ್ಕುವೇಟ್ ವೇನ್‌ಗಳು ಹಾಗೆ ಒಂದಕ್ಕೊಂದು ಕೂಡಿಕೊಳ್ಳುತ್ತವೆ. ಆರ್ಟರಿಗಳು ಕೂಡುವುದಿಲ್ಲ, ಎರಡು ಕಡೆಯಿಂದ ಬಂದವು ಮಧ್ಯೆ ಮುಟ್ಟದೆ, ಕಾರ್ಟೆಕ್ಸ್ ಕಡೆಗೆ ಸಣ್ಣ ಕವಲುಗಳನ್ನು ಕಳಿಸಿ ಮುಗಿಯುತ್ತವೆ. ಮೇಲೆ ಹೇಳಿದ, ಕಟ್ಟಿಹಾಕಿದರೆ ತುಂಡು ಸಾಯುತ್ತದೆ ಎಂಬ ಮಾತು ನಿಂತಿರುವುದೇ ಈ ಅಂತರದ ಮೇಲೆ. ಹೆಪ್ಪುಗಟ್ಟಿದ ರಕ್ತ ಒಂದು ಕವಲನ್ನು ಮುಚ್ಚಿದಾಗ ಸ್ಕ್ಯಾನಿನಲ್ಲಿ ತ್ರಿಕೋನಾಕಾರದ ಸತ್ತ ಭಾಗ ಕಾಣುವುದೂ ಇದರಿಂದಲೇ. ತಿದ್ದುವುದು ಕೆಲವು ನಿಮಿಷದ ಕೆಲಸ: ಕಾರ್ಟೆಕ್ಸ್‌ನ ಬಣ್ಣಕ್ಕೆ ಹೊಂದುವ ಅಕ್ರಿಲಿಕ್ ಬಣ್ಣ ಬೆರೆಸಿಕೊಂಡು, ತೆಳು ಕುಂಚದಿಂದ ಪ್ರತಿ ಕೆಂಪು ಕಮಾನಿನ ನಡುವೆ 3 ಮಿ.ಮೀ. ಅಳಿಸಿ. ನೀಲಿಯನ್ನು ಹಾಗೇ ಬಿಡಿ. ಬಣ್ಣ ತೆಳುವಾಗಿ ಎರಡು ಸಲ ಹಚ್ಚಿ; ಒಂದೇ ಸಲ ದಪ್ಪ ಹಚ್ಚಿದರೆ ಪಿವಿಸಿ ಬಾಗಿದಾಗ ಚಕ್ಕೆ ಏಳುತ್ತದೆ.

ನೀಲಿ ಬಣ್ಣದ ಬಗ್ಗೆ ಒಂದು ಮಾತು. ಹೃದಯ ನಿಮಿಷಕ್ಕೆ ಹೊರಹಾಕುವ ರಕ್ತದಲ್ಲಿ ಹತ್ತಿರ ಹತ್ತಿರ ಐದನೆಯ ಒಂದು ಭಾಗ, ಒಂದು ಲೀಟರಿಗೂ ಹೆಚ್ಚು, ಈ ಎರಡು ಸಣ್ಣ ಅಂಗಗಳಿಗೆ ಹೋಗುತ್ತದೆ. ಅಷ್ಟು ರಕ್ತ ಹೋಗುವುದು ಶೋಧನೆಗಾಗಿ. ಕಿಡ್ನಿ ಅದರಿಂದ ತೆಗೆದುಕೊಳ್ಳುವ ಆಮ್ಲಜನಕ ಸ್ವಲ್ಪವೇ. ರೀನಲ್ ವೇನ್‌ನ ರಕ್ತದಲ್ಲಿ ಆಮ್ಲಜನಕ ಇನ್ನೂ ಸಾಕಷ್ಟು ಉಳಿದಿರುತ್ತದೆ. ನೀಲಿ ಎಂದರೆ ಇಲ್ಲಿ ಹೃದಯಕ್ಕೆ ಮರಳುವ ದಾರಿ ಎಂದಷ್ಟೇ ಅರ್ಥ ಎಂದು ಪಾಠದಲ್ಲಿ ಸ್ಪಷ್ಟಪಡಿಸಬೇಕು.

ಅಡ್ರಿನಲ್ ಗ್ರಂಥಿಗಳ ಆಕಾರ ಸರಿಯಿದೆ, ಬಲದ್ದು ಪಿರಮಿಡ್‌ನಂತೆ, ಎಡದ್ದು ಅರ್ಧಚಂದ್ರದಂತೆ. ಅವುಗಳಿಗೆ ಮೂರು ಕಡೆಯಿಂದ ಬರುವ ಆರ್ಟರಿಗಳಲ್ಲಿ ಅಯೋರ್ಟಾದಿಂದ ಬರುವ ನಡುವಿನದನ್ನು ಮಾತ್ರ ತೋರಿಸಿದ್ದಾರೆ.

ಈ ಮಾಡೆಲ್ ಯಾರಿಗೆ ಹೊಂದುವುದಿಲ್ಲ ಎಂಬುದನ್ನೂ ಹೇಳಬೇಕು. ಕಲ್ಲಿನ ರೋಗಿಗಳಿಗೆ ವಿವರಿಸಲು ಬೇಕೆಂದರೆ ಇದು ಬೇಡ. ಕಲ್ಲು ಸಿಕ್ಕಿಕೊಳ್ಳುವುದು ಮೂತ್ರನಾಳದ ಮೂರು ಇಕ್ಕಟ್ಟುಗಳಲ್ಲಿ: ಪೆಲ್ವಿಸ್‌ನಿಂದ ಹೊರಡುವಲ್ಲಿ, ಇಲಿಯಾಕ್ ಆರ್ಟರಿಯನ್ನು ದಾಟುವಲ್ಲಿ, ಮೂತ್ರಕೋಶವನ್ನು ಸೇರುವಲ್ಲಿ. ಮೂರನೆಯದೇ ಎಲ್ಲಕ್ಕಿಂತ ಕಿರಿದು. ನಿಜದಲ್ಲಿ 25 ಸೆಂ.ಮೀ.ಗೂ ಮೇಲೆ ಉದ್ದವಿರುವ ಮೂತ್ರನಾಳವನ್ನು ಈ ಮಾಡೆಲ್ ಎರಡನೆಯ ಇಕ್ಕಟ್ಟು ದಾಟಿದ ಕೂಡಲೇ ಕತ್ತರಿಸಿದೆ. ಮೂತ್ರಕೋಶವೂ ಸೇರಿರುವ ಮಾಡೆಲ್ ತೆಗೆದುಕೊಳ್ಳಿ. ನೆಫ್ರಾನ್ (ರಕ್ತ ಶೋಧಿಸುವ ಸೂಕ್ಷ್ಮ ಘಟಕ) ಕಲಿಸಲು ಕಿಡ್ನಿಯ ಸೀಳನ್ನು ಹಲವು ಪಟ್ಟು ಹಿಗ್ಗಿಸಿ ಮಾಡಿದ ಬೇರೆ ಮಾಡೆಲುಗಳಿವೆ. ಕಣ್ಣಿಗೆ ಕಾಣದ್ದನ್ನು ನಿಜಗಾತ್ರದಲ್ಲಿ ಹುಡುಕುವುದು ವ್ಯರ್ಥ. ಕಿಡ್ನಿಯ ಸುತ್ತಲಿನ ಕೊಬ್ಬು, ಅದನ್ನು ಸುತ್ತುವ ಗೆರೋಟಾ ಪೊರೆ, ಹಿಂದಿನ ಸ್ನಾಯುಗಳು, ಹನ್ನೆರಡನೆಯ ಪಕ್ಕೆಲುಬು ಇವಾವುವೂ ಇಲ್ಲ. ಬೆನ್ನ ಕಡೆಯಿಂದ ಕಿಡ್ನಿಯನ್ನು ತಲುಪುವ ಪಾಠಕ್ಕೆ ಅಸ್ಥಿಪಂಜರದ ಪಕ್ಕ ಇಟ್ಟು ತೋರಿಸಬೇಕಾಗುತ್ತದೆ. ಸಿಟಿ ಸ್ಕ್ಯಾನಿನಿಂದ ತ್ರೀಡಿ ಪ್ರಿಂಟ್ ಮಾಡಿದ ಮಾಡೆಲುಗಳಲ್ಲಿ ತಿರುಗು, ಕೋನ, ಹೆಚ್ಚುವರಿ ಆರ್ಟರಿ ಎಲ್ಲವೂ ಒಬ್ಬ ವ್ಯಕ್ತಿಯಲ್ಲಿ ಇದ್ದಂತೆಯೇ ಬರುತ್ತವೆ. ಆಪರೇಷನ್ ಯೋಜನೆಗೆ ಅವೇ ಮೇಲು. ಮೊದಲ ಸಲ ಕಲಿಯುವವರಿಗೆ ಮಾತ್ರ ಸಾಮಾನ್ಯ ರೂಪ ಗಟ್ಟಿಯಾಗಬೇಕು, ಅದಕ್ಕೆ ಈ ಮಾಡೆಲ್ ತಕ್ಕದ್ದು.

ಬಳಕೆ ಮತ್ತು ಜೋಪಾನ. ಪೆಟ್ಟಿಗೆಯಲ್ಲಿ ಒತ್ತಿ ತುಂಬಿದ್ದರಿಂದ ಮೂತ್ರನಾಳ, ಗೊನಾಡಲ್ ನಾಳಗಳು ಸೊಟ್ಟಗಾಗಿ ಬಂದಿರಬಹುದು. ಕೈ ತಡೆಯುವಷ್ಟು ಬಿಸಿನೀರಿನಲ್ಲಿ ಅದ್ದಿದ ಬಟ್ಟೆಯನ್ನು ಬಾಗಿದ ಜಾಗಕ್ಕೆ ಕೆಲವು ನಿಮಿಷ ಸುತ್ತಿ, ನೆಟ್ಟಗೆ ಹಿಡಿದು, ತಣ್ಣೀರ ಬಟ್ಟೆಯಿಂದ ಆರಿಸಿದರೆ ಸರಿಯಾಗುತ್ತದೆ. ಆಯಸ್ಕಾಂತ ಇರುವ ಬಲಗಿಡ್ನಿಯನ್ನು ನೀರಿನಲ್ಲಿ ಮುಳುಗಿಸಬಾರದು. ತುಕ್ಕು ಹಿಡಿದು ಕಂದು ಕಲೆ ಹರಡುತ್ತದೆ. ಒರೆಸಲು ಸೌಮ್ಯ ಸೋಪಿನ ನೀರು ಸಾಕು. ಸ್ಪಿರಿಟ್, ಅಸಿಟೋನ್, ಥಿನ್ನರ್ ಬಣ್ಣವನ್ನು ಎಬ್ಬಿಸುತ್ತವೆ. ಮುದ್ರಿತ ಕಾಗದದ ಮೇಲೆ ಮಲಗಿಸಬೇಡಿ, ಮೆತ್ತನೆಯ ಪಿವಿಸಿ ಶಾಯಿಯನ್ನು ಹೀರಿಕೊಂಡ ಮೇಲೆ ಆ ಕಲೆ ಹೋಗುವುದಿಲ್ಲ. ಹೆಸರಿನ ಕಾರ್ಡನ್ನು ಕಿಡ್ನಿಯ ಕೆಳಗೆ ಸಿಕ್ಕಿಸಿಡುವ ಅಭ್ಯಾಸದಿಂದ ಹಾಳಾದ ಮಾಡೆಲುಗಳು ಬೇಕಾದಷ್ಟಿವೆ. ಬಿಸಿಲು ಬೀಳುವ ಕಿಟಕಿಯಿಂದ ದೂರವಿಡಿ. ಕಾಲ ಕಳೆದಂತೆ ಮೇಲ್ಮೈ ಜಿಗುಟಾದರೆ ಅದು ಪಿವಿಸಿಯನ್ನು ಮೆತ್ತಗಿಡುವ ರಾಸಾಯನಿಕ ಹೊರಗೆ ಒಸರುತ್ತಿರುವುದು. ಸೋಪುನೀರಿನಿಂದ ಒರೆಸಿ, ಒಣಗಿಸಿ, ತೆಳ್ಳಗೆ ಟಾಲ್ಕ್ ಪುಡಿ ಸವರಿದರೆ ಸದ್ಯಕ್ಕೆ ನಿಲ್ಲುತ್ತದೆ.

ಮಾಡೆಲ್ ಕೈಸೇರಿದ ದಿನವೇ, ಮರಳಿಸುವ ಅವಕಾಶ ಇರುವಾಗಲೇ, ಕಾರ್ಡಿನ ಸಂಖ್ಯೆಗಳನ್ನು ಒಂದೊಂದಾಗಿ ಭಾಗಗಳೊಂದಿಗೆ ತಾಳೆ ನೋಡಿ. ಎಡ, ಬಲ ಗೊನಾಡಲ್ ವೇನ್‌ಗಳ ಸಂಖ್ಯೆ ಅದಲುಬದಲಾಗಿರುವುದು, ಎಸ್‌ಎಂಎಗೆ ಸೀಲಿಯಾಕ್‌ನ ಹೆಸರು ಬಿದ್ದಿರುವುದು ಅಪರೂಪವಲ್ಲ. ಆಮೇಲೆ ಕಾರ್ಡಿನ ಫೋಟೋ ತೆಗೆದಿಟ್ಟುಕೊಳ್ಳಿ. ಮಾಡೆಲಿಗಿಂತ ಮೊದಲು ಕಳೆದುಹೋಗುವುದು ಕಾರ್ಡು.